ಸೇತುವೆಯೂ ಆಚೆಯ ದಡವೂ

ಮನುಷ್ಯನ ಹೃದಯವು ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ದೇಹಕ್ಕೆ ಒದಗಿಸುತ್ತದೆ. ಹೃದಯಾಘಾತದಿಂದ ಅದು ಹಠಾತ್ತಾಗಿ ಸೋತರೆ ಮೂತ್ರಪಿಂಡ, ಯಕೃತ್ತು, ಮಿದುಳುಗಳು ರಕ್ತವಿಲ್ಲದೆ ಕುಂದತೊಡಗುತ್ತವೆ. ಆಗ ಹೃದಯದ ಕೆಲಸವನ್ನು ಯಂತ್ರವು ಕೆಲಕಾಲ ವಹಿಸಿಕೊಳ್ಳಬಲ್ಲುದು. ಹೋಗುವ ಪ್ರಾಣವನ್ನು ಹಿಡಿದು ನಿಲ್ಲಿಸುವ ಈ ಶಕ್ತಿಯೊಡನೆ, ಹಿಡಿದುದನ್ನು ಯಾವಾಗ ಬಿಡಬಹುದು ಎಂಬ ಧರ್ಮಪ್ರಶ್ನೆಯೂ ಬಂದಿದೆ.

1953ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನ್ನರು 18 ವರ್ಷದ ಯುವತಿಯೊಬ್ಬಳ ಹೃದಯವನ್ನು ತೆರೆದು ಸರಿಪಡಿಸಿದಾಗ, 26 ನಿಮಿಷಗಳ ಕಾಲ ಯಂತ್ರವೇ ಅವಳ ಹೃದಯವೂ ಶ್ವಾಸಕೋಶವೂ ಆಗಿತ್ತು. ಅಲ್ಲಿ ಹೃದಯವು ಮತ್ತೆ ಮಿಡಿಯುವುದೆಂಬ ಭರವಸೆಯಿತ್ತು. ಇಂದಿನ ‘ಎಕ್ಮೊ’ ಯಂತ್ರವು ರಕ್ತವನ್ನು ಹೊರಕ್ಕೆಳೆದು, ಆಮ್ಲಜನಕವನ್ನು ಬೆರಸಿ, ಧಮನಿಗೆ ಮರಳಿಸುತ್ತ ದಿನಗಟ್ಟಲೆ, ವಾರಗಟ್ಟಲೆ ನಡೆಯುತ್ತದೆ. ಅಂತಹ ಭರವಸೆಯು ಇಲ್ಲಿಲ್ಲ. ಹೃದಯಾಘಾತದಿಂದ ಆಘಾತಸ್ಥಿತಿಗಿಳಿದ ರೋಗಿಗಳನ್ನು ಕುರಿತು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಕ್ಮೊ ಪಡೆದವರಲ್ಲಿಯೂ ಪಡೆಯದವರಲ್ಲಿಯೂ 30 ದಿನಗಳೊಳಗೆ ಹೆಚ್ಚುಕಡಮೆ ಅರ್ಧದಷ್ಟು ಜನ ಮೃತರಾದರು. ಆದರೆ 2024ರ ಇನ್ನೊಂದು ಪರೀಕ್ಷೆಯಲ್ಲಿ, ಎಡ ಹೃತ್ಕುಕ್ಷಿಯೊಳಗಿರಿಸುವ ಕಿರಿಯ ಪಂಪಿನಿಂದ, ಆಯ್ದ ರೋಗಿಗಳ 180 ದಿನಗಳೊಳಗಿನ ಮರಣವು ಶೇಕಡಾ 58.5ರಿಂದ 45.8ಕ್ಕೆ ಇಳಿಯಿತು; ರಕ್ತಸ್ರಾವಾದಿ ತೊಂದರೆಗಳು ಮಾತ್ರ ಹೆಚ್ಚಿದವು. ಆದುದರಿಂದ ಯಂತ್ರವು ವ್ಯರ್ಥವೂ ಅಲ್ಲ, ಸರ್ವರಕ್ಷಕವೂ ಅಲ್ಲ.

ವೈದ್ಯರು ಇದನ್ನು ‘ಸೇತುವೆ’ ಎನ್ನುತ್ತಾರೆ. ಹೃದಯವು ಚೇತರಿಸುವುದು, ಬೇರೊಂದು ಹೃದಯವು ದೊರೆಯುವುದು, ಶಾಶ್ವತವಾದ ಪಂಪನ್ನು ಜೋಡಿಸುವುದು ಇವೇ ಆಚೆಯ ದಡಗಳು. ಈ ಮೂರೂ ಇಲ್ಲವಾದರೆ? ರೋಗಿಯು ಎಚ್ಚರವಾಗಿದ್ದು ಹೆಂಡತಿಮಕ್ಕಳೊಡನೆ ಮಾತನಾಡುತ್ತಿರಬಹುದು. ಯಂತ್ರವು ನಿಂತರೆ ಬಹುಬೇಗ ಅವನೂ ಇಲ್ಲ.

ಯಂತ್ರವನ್ನು ತೊಡಗಿಸದಿರುವುದು ದೋಷವಲ್ಲ, ತೊಡಗಿಸಿ ನಿಲ್ಲಿಸುವುದು ಕೊಲೆಯೇ ಎಂಬುದು ಪೂರ್ವಪಕ್ಷ. ಕರುಣೆಯಿಂದ ಹುಟ್ಟಿದ ಮಾತಾದರೂ ಇದರ ಫಲವು ಕ್ರೂರವಾದುದು. ನಿಲ್ಲಿಸಲಾಗದೆಂಬ ಭಯವಿದ್ದರೆ ವೈದ್ಯನು ತೊಡಗಿಸಲು ಹಿಂಜರಿಯುವನು; ಬದುಕಬಹುದಾಗಿದ್ದವನೂ ಆ ಹಿಂಜರಿಕೆಗೆ ಬಲಿಯಾಗುವನು. ಮೇಲಾಗಿ ಕೊಲ್ಲುವುದು ರೋಗ. ಯಂತ್ರವು ಅದನ್ನು ತಡೆದಿತ್ತು ಅಷ್ಟೆ. ಆಚೆಯ ದಡವೇ ಇಲ್ಲವೆಂದು ನಿಶ್ಚಯವಾದಾಗ ತಡೆಯನ್ನು ತೆಗೆಯುವುದು ಹಿಂಸೆಯೆನಿಸದು.

ಆದರೆ ಈ ನ್ಯಾಯಕ್ಕೊಂದು ಎಲ್ಲೆಯುಂಟು. ನಿಲ್ಲಿಸುವುದು ಕೊಲೆಯಲ್ಲವೆಂದಮಾತ್ರಕ್ಕೆ ಯಾರು ಬೇಕಾದರೂ ನಿಲ್ಲಿಸಬಹುದೆಂದಲ್ಲ. ಎಚ್ಚರವಿರುವವನಿಗೆ ಆ ಕೆಲವು ದಿನಗಳೇ ಬಾಳು. ದೂರದ ಮಗನು ಬರುವವರೆಗೆ ಇರಬೇಕೆಂದು ಅವನು ಬಯಸಬಹುದು. ಅವನನ್ನು ಕೇಳದೆ ಅವನ ಹಿತವನ್ನು ನಿರ್ಣಯಿಸುವುದು ದಯೆಯ ವೇಷ ತೊಟ್ಟ ಅಹಂಕಾರ. ಎಚ್ಚರವಿಲ್ಲದವನಾದರೆ ಅವನು ಹಿಂದೆ ಆಡಿದ ಮಾತೇ ಪ್ರಮಾಣವಾಗತಕ್ಕುದು. ಮರಣಾಸನ್ನನಾದವನ ಚಿಕಿತ್ಸೆಯನ್ನು ಕುರಿತು ಮುಂಚಿತವಾಗಿ ಬರೆದಿಟ್ಟ ಇಚ್ಛೆಯನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯಮಾಡಿ, 2023ರಲ್ಲಿ ಅದರ ವಿಧಿಗಳನ್ನು ಸುಲಭಗೊಳಿಸಿತು. ಆದರೆ ಅಂತಹ ಮಾತನ್ನು ಅಮಂಗಳವೆಂದು ಆಡಗೊಡದ ಮನೆಗಳು ಅನೇಕ. ಅಲ್ಲಿ ತಂದೆಯು ಮೌನದಲ್ಲಿ ಮಲಗಿರುವಾಗ ಮಕ್ಕಳು ಊಹೆಯಿಂದ ನಿರ್ಣಯಿಸಿ, ಆ ಭಾರವನ್ನು ಬಾಳೆಲ್ಲ ಹೊರಬೇಕಾಗುತ್ತದೆ.

ಆದುದರಿಂದ ಧರ್ಮದ ಸ್ಥಾನವು ಯಂತ್ರವನ್ನು ನಿಲ್ಲಿಸುವ ಗಳಿಗೆಯಲ್ಲಿ ಮಾತ್ರವಲ್ಲ, ತೊಡಗಿಸುವ ಗಳಿಗೆಯಲ್ಲಿಯೂ ಇದೆ. ಯಾವ ದಡಕ್ಕಾಗಿ, ಎಷ್ಟು ದಿನ, ದಡವು ಸಿಕ್ಕದಿದ್ದರೆ ಏನು ಎಂಬೀ ಮೂರನ್ನು ವೈದ್ಯನು ಮೊದಲೇ ಹೇಳಬೇಕು. ಮನೆಯವರು ಧೈರ್ಯದಿಂದ ಕೇಳಬೇಕು. ಅವಸರದಲ್ಲಿ ಅದಕ್ಕೆ ಎಡೆಯಿಲ್ಲದಿದ್ದರೆ, ಪ್ರಾಣವು ನಿಂತೊಡನೆಯಾದರೂ ಆ ಮಾತು ನಡೆಯಬೇಕು.