ಸವೆದ ದೇಹದ ಲೆಕ್ಕ

ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಜೀವಂತ ಸಿಕ್ಕರು, ಮೂರು ದಿನಕ್ಕೆ ತೀರಿಕೊಂಡರು. ಹುಬ್ಬಳ್ಳಿಯ ನೆಹರೂ ಮೈದಾನ ಅಂತಿಮ ದರ್ಶನಕ್ಕೆ ಕಿಕ್ಕಿರಿಯಿತು.

ಅಂಥದೇ ಹಿಮಕ್ಕೆ ಕಾಲ್ಬೆರಳು, ಫಿರಂಗಿಯ ಸದ್ದಿಗೆ ಕಿವಿ ಕೊಟ್ಟು ಮರಳುವವರಿಗೆ ಯಾವ ಮೈದಾನವೂ ತುಂಬುವುದಿಲ್ಲ. ಸೇನೆಯ ವೈದ್ಯಕೀಯ ಮಂಡಳಿ ಅವರ ಊನವನ್ನು ಶೇಕಡಾ ಲೆಕ್ಕದಲ್ಲಿ ಅಳೆಯುತ್ತದೆ; 20ಕ್ಕಿಂತ ಕಡಿಮೆಯಾದರೆ ಅಂಗವೈಕಲ್ಯ ಪಿಂಚಣಿ ಸಾಮಾನ್ಯವಾಗಿ ಸಿಗದು.

ಈ ಪಿಂಚಣಿ ದಾನವೋ, ಋಣವೋ?

ಕಲ್ಯಾಣದ ಶರಣರು ದೇಹವನ್ನೇ ದೇಗುಲವಾಗಿ ಕಂಡರು, ದುಡಿಮೆಯನ್ನು ಪೂಜೆಯಾಗಿ. ಆ ನೋಟದಲ್ಲಿ ನಾಡಿನ ಕೆಲಸಕ್ಕೆ ಸವೆದ ಕಿವಿ, ಕಾಲಿಗಾಗಿ ಯಾರೂ ಕೈಯೊಡ್ಡಬೇಕಿಲ್ಲ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದಕ್ಕೆ ಹತ್ತಿರ: ಸೇನೆಗೆ ಸೇರುವಾಗ ದಾಖಲಾಗದ ರೋಗ ಸೇವೆಯಿಂದಲೇ ಬಂತೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು. ಹಾಗಿದ್ದೂ ಕಿವಿ ಕೇಳದ ಹವಾಲ್ದಾರನೇ ಕಡತ ಹಿಡಿದು ಅಲೆಯಬೇಕಾಗುವುದು ಅನ್ಯಾಯ.