ಔಷಧವೂ ಅಭಯವೂ

ದಾನವನ್ನು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕು ಬಗೆಯಾಗಿ ಹೇಳುವುದುಂಟು. ಮನೋರೋಗಿಯ ವಿಷಯದಲ್ಲಿ ಔಷಧವನ್ನೂ ಅಭಯವನ್ನೂ ಬೇರ್ಪಡಿಸಲಾಗದು.

ಪಾವಗಡದ ಹಳ್ಳಿಗಳಿಗೆ ಬೆಂಗಳೂರು ನೂರು ಕಿಲೋಮೀಟರಿಗೂ ಮಿಕ್ಕ ದೂರ. ರೋಗಿಯೊಡನೆ ಮನೆಯ ಇನ್ನೊಬ್ಬರೂ ಹೊರಡಬೇಕು; ಇಬ್ಬರ ದಿನಗೂಲಿಯೂ ಹೋಗುತ್ತದೆ. ಹೀಗಾಗಿ ಮಾತ್ರೆ ನಡುವೆಯೇ ನಿಲ್ಲುತ್ತದೆ, ರೋಗ ಮರಳುತ್ತದೆ. ಮನೋರೋಗದ ಚಿಕಿತ್ಸೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ದೊರೆಯಬೇಕೆಂಬುದು 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಶಯ. ಆ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯಿತ್ತು, ಇದು ಸಾಧ್ಯವೆಂದು ತೋರಿಸಿತು. 1996ರಿಂದ ಆ ಮಾದರಿ ಇತರ ಜಿಲ್ಲೆಗಳಿಗೂ ಹಬ್ಬಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಈ ಚಿಕಿತ್ಸೆಯನ್ನು ಹಕ್ಕೆಂದೇ ಸಾರಿದೆ.

ಆದರೆ ಸಾಮೀಪ್ಯಕ್ಕೂ ಒಂದು ಬೆಲೆಯುಂಟು. ದೂರದ ನಗರದಲ್ಲಿ ಅಡಗಿದ್ದ ಗುಟ್ಟು ಮಧುಗಿರಿ, ಶಿರಾ, ಕೊರಟಗೆರೆಗಳ ಆಸ್ಪತ್ರೆಯ ಸಾಲಿನಲ್ಲಿ ಬಯಲಾಗುತ್ತದೆ. ಅಲ್ಲಿ ಬೆನ್ನ ಹಿಂದೆ ನಿಂತವನು ನೆರೆಯವನೇ. ಮಗಳ ಮದುವೆ ತಪ್ಪೀತೆಂದು ಅಂಜಿ ತಾಯಿಯೊಬ್ಬಳು ಆಸ್ಪತ್ರೆಯ ಬಾಗಿಲಿನಿಂದಲೇ ಹಿಂದಿರುಗಿದರೆ, ಒಳಗೆ ಔಷಧವಿದ್ದೂ ಫಲವೇನು?

ಹಕ್ಕಾದ ಮೇಲೆ ಔಷಧ ಯಾರ ದಾನವೂ ಅಲ್ಲ. ಅದು ಸರ್ಕಾರದ ಕರ್ತವ್ಯ. ಅಭಯವಾದರೋ ನೆರೆಹೊರೆಯ ಕೈಯಲ್ಲಿದೆ. ಕಂಡದ್ದನ್ನು ಊರಿಗೆ ಹಬ್ಬಿಸದಿರುವುದು, ‘ಹುಚ್ಚು’ ಎಂಬ ಮಾತನ್ನು ನಾಲಗೆಗೆ ತಾರದಿರುವುದು, ಚೇತರಿಸಿಕೊಂಡವರಿಗೆ ಕೆಲಸವನ್ನೂ ಸಂಬಂಧವನ್ನೂ ನಿರಾಕರಿಸದಿರುವುದು: ಇವೇ ಆ ಅಭಯ. ಇದಕ್ಕೆ ಹಣ ಬೇಡ, ವೈದ್ಯವಿದ್ಯೆಯೂ ಬೇಡ. ಇರುವೆಯನ್ನು ತುಳಿಯದೆ ನಡೆಯುವ ಕಾಲು, ಮಾತಿನಿಂದ ಮನುಷ್ಯನನ್ನು ತುಳಿಯುವ ನಾಲಗೆ ಒಬ್ಬನಲ್ಲಿಯೇ ಇದ್ದರೆ, ಅವನ ಅಹಿಂಸೆ ಇನ್ನೂ ಅರ್ಧದಾರಿಯಲ್ಲಿದೆ.