ಕುಂಟುವ ಎತ್ತಿಗೆ ನೊಗ

ಹೋದ ವರ್ಷ ಡಿಸೆಂಬರ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬ್ಯಾಡ್ಮಿಂಟನ್ ಟೂರ್ನಿ. ಸಿಂಗಲ್ಸ್ ಸೆಮಿಫೈನಲ್ ಆಡ್ತಾ ಇದ್ದೆ. ಎದುರಿನವನು ನೆಟ್ ಹತ್ತಿರ ಮೆಲ್ಲಗೆ ಡ್ರಾಪ್ ಹಾಕಿದ, ಅದನ್ನ ಎತ್ತೋಕೆ ಹಿಂದಿನಿಂದ ನುಗ್ಗಿದೆ. ಯಾರೋ ಹಿಮ್ಮಡಿಗೆ ಜೋರಾಗಿ ಒದ್ದ ಹಾಗಾಯ್ತು. ಸಿಟ್ಟಿನಿಂದ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು.

ಆಸ್ಪತ್ರೆಯಲ್ಲಿ ಎಲ್ಲರ ಹತ್ರಾನೂ "ಆಕ್ಸಿಡೆಂಟ್" ಅಂತಲೇ ಹೇಳಿದೆ. ಅದು ಸುಳ್ಳು. ಮೂರು ವಾರದಿಂದ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಹಿಮ್ಮಡಿ ಹಿಡಿದುಕೊಳ್ತಾ ಇತ್ತು. ಕೋರ್ಟಿಗೆ ಇಳಿದು ಹತ್ತು ನಿಮಿಷ ಆಡಿದರೆ ನೋವು ಮಾಯ. ಮಾಯ ಆದದ್ದನ್ನ ವಾಸಿ ಆಯ್ತು ಅಂದುಕೊಂಡೆ. ದಣಿದ ಸ್ನಾಯುರಜ್ಜು ಮಾಡೋದೇ ಹೀಗೆ ಅಂತ ಆಮೇಲೆ ಫಿಸಿಯೋಥೆರಪಿಸ್ಟ್ ಹೇಳಿದರು. ಮೈ ಬಿಸಿಯಾದಾಗ ಸುಮ್ಮನಿರುತ್ತೆ, ಮಾರನೇ ದಿನ ಬೆಳಿಗ್ಗೆ ದೂರು ಹೇಳುತ್ತೆ. ವಾರವೆಲ್ಲ ಕುರ್ಚಿ ಮೇಲೆ ಹತ್ತು ಗಂಟೆ ಕೂತು, ಶನಿವಾರ ಮಾತ್ರ ಆಡ್ತಿದ್ದವನು, ಟೂರ್ನಿ ಅಂತ ಆ ವಾರ ದಿನಾ ಎರಡು ಗಂಟೆ ಆಡಿದ್ದೆ. ಅದೂ ಓಡೋ ಶೂ ಹಾಕಿಕೊಂಡು. ನೋವಿನ ಸ್ಪ್ರೇ ಡಬ್ಬಿ ಕಿಟ್ ಬ್ಯಾಗಿನಲ್ಲೇ ಇತ್ತು.

ಆಪರೇಷನ್ ಆದ ಮರುದಿನ ಊರಿಂದ ಅವ್ವ ಬಂದಳು. ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಅದು ರಾಗಿ ಕೆಲಸದ ಸಮಯ. ಕೊಯ್ದ ರಾಗಿ ಅರಿ ಹೊಲದಲ್ಲೇ ಬಿದ್ದಿತ್ತು, ಇನ್ನೂ ಮೆದೆ ಹಾಕಿರಲಿಲ್ಲ, ಮೋಡ ಬೇರೆ ಕಟ್ಟಿತ್ತು. ಅಪ್ಪ ಒಬ್ಬನೇ ಕೂಲಿಯವರನ್ನ ಹುಡುಕಿಕೊಂಡು ಓಡಾಡ್ತಿದ್ದ. ಇತ್ತ ಬೆಂಗಳೂರಲ್ಲಿ ನನ್ನ ಹೆಂಡತಿ ಬೆಳಿಗ್ಗೆ ಮಗಳನ್ನ ಸ್ಕೂಲಿಗೆ ಬಿಟ್ಟು, ನನ್ನನ್ನ ಬಚ್ಚಲಿಗೆ ನಡೆಸಿ, ಒಂಬತ್ತೂವರೆಗೆ ಲಾಗಿನ್ ಆಗ್ತಿದ್ದಳು. ಆಫೀಸಿನಲ್ಲಿ ನನ್ನ ರಿಲೀಸನ್ನ ಇನ್ನೊಬ್ಬ ಹೊತ್ತುಕೊಂಡ. ಕಾಲು ನಂದು, ಆದರೆ ಕುಂಟ್ತಾ ಇದ್ದವರು ಐದಾರು ಜನ.

ಒಂದು ಸಂಜೆ ಅವ್ವ ಕೇಳಿದಳು, "ಮೂರು ವಾರದಿಂದ ನೋಯ್ತಿತ್ತಾ?"

"ಹೂಂ."

"ಎತ್ತು ಕುಂಟಿದ್ರೆ ನಿಮ್ಮಪ್ಪ ನೊಗಕ್ಕೆ ಕಟ್ತಿರ್ಲಿಲ್ಲ ಕಣಪ್ಪ. ನೀನು ಎತ್ತಿಗಿಂತ ಕಡೆಯಾ?"

ಅದು ನಿಜ. ಉಳೋಕೆ ಹೋಗೋ ಮೊದಲು ಅಪ್ಪ ಎತ್ತಿನ ಸುತ್ತ ಒಂದು ಸುತ್ತು ಬರ್ತಿದ್ದ. ಲಾಳ ಸವೆದಿದೆಯಾ, ಗೊರಸಿನಲ್ಲಿ ಕಲ್ಲು ಸಿಕ್ಕಿದೆಯಾ, ನೊಗ ಕೂರೋ ಜಾಗ ಬಾತಿದೆಯಾ. ಏನಾದರೂ ಕಂಡರೆ ಅವತ್ತು ಉಳುಮೆ ಇಲ್ಲ, ಹದ ತಪ್ಪಿದರೂ ಸರಿ. ಅದೇ ಅಪ್ಪ ತಾನು ಮಾತ್ರ ಜ್ವರದಲ್ಲೂ ಹೊಲಕ್ಕೆ ಹೋಗ್ತಿದ್ದ. ನಮ್ಮೂರ ಕಬಡ್ಡಿಯಲ್ಲೂ ಅದೇ ಪಾಠ. ಮಂಡಿ ಊದಿಕೊಂಡಿದೆ, ಆಡಲ್ಲ ಅಂದರೆ "ಬಳೆ ತೊಟ್ಕೊಂಡು ಮನೇಲಿರು" ಅಂತಿದ್ದರು. ಎತ್ತಿಗಿದ್ದ ರಜೆ ನಮಗಿರಲಿಲ್ಲ.

ಹಾಗಾದರೆ ನೋವು ನುಂಗಿ ಆಡೋದು ತಪ್ಪಾ? ಇಲ್ಲಿ ನನಗೆ ತೊಡಕಾಗೋದು ಅನಿಲ್ ಕುಂಬ್ಳೆ. 2002ರ ಮೇ ತಿಂಗಳು, ಆಂಟಿಗಾ ಟೆಸ್ಟ್. ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲ್ಲನ್ ಎಸೆದ ಚೆಂಡು ಬಡಿದು ದವಡೆ ಮುರಿಯಿತು. ತಲೆಯಿಂದ ಗಲ್ಲದವರೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿದರು, ಬ್ರಯಾನ್ ಲಾರಾ ಅವರನ್ನ ಎಲ್‌ಬಿಡಬ್ಲ್ಯೂ ಮಾಡಿದರು. ಆಗ ನಾನು ಸ್ಕೂಲಲ್ಲಿದ್ದೆ. ಪೇಪರಿನಲ್ಲಿ ಬಂದ ಆ ಫೋಟೋ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದೆ. ಇವತ್ತಿಗೂ ಅದನ್ನ ನೋಡಿದರೆ ಮೈ ಜುಮ್ಮೆನ್ನುತ್ತೆ. ಕುಂಬ್ಳೆ ಮಾಡಿದ್ದು ತಪ್ಪು ಅಂತ ಹೇಳೋಕೆ ನನ್ನ ನಾಲಿಗೆ ಹೊರಳಲ್ಲ.

ಆದರೆ ಅದರ ಪಕ್ಕದಲ್ಲಿ ಇನ್ನೊಂದು ಹೆಸರು ಇಟ್ಟು ನೋಡಿ. ಎಲೆನಾ ಮುಖಿನಾ, ಸೋವಿಯತ್ ಜಿಮ್ನಾಸ್ಟ್, 1978ರ ವಿಶ್ವ ಚಾಂಪಿಯನ್. ಮರುವರ್ಷ ಕಾಲು ಮುರಿಯಿತು. ಪೂರ್ತಿ ಕೂಡುವ ಮೊದಲೇ ಆಕೆಯನ್ನ ಮತ್ತೆ ತರಬೇತಿಗೆ ಇಳಿಸಿದರು. ಮಾಸ್ಕೋ ಒಲಿಂಪಿಕ್ಸ್ ಹತ್ತಿರ ಬಂದಿತ್ತು. ಥಾಮಸ್ ಸಾಲ್ಟೋ ಅನ್ನೋ ಪಲ್ಟಿ ತನಗೆ ಅಪಾಯ ಅಂತ ಆಕೆ ಹೇಳಿಕೊಂಡಿದ್ದರು. 1980ರ ಜುಲೈನಲ್ಲಿ, ಒಲಿಂಪಿಕ್ಸ್‌ಗೆ ಇನ್ನೇನು ಎರಡು ವಾರ ಇದೆ ಅನ್ನುವಾಗ, ಮಿನ್ಸ್ಕ್‌ನಲ್ಲಿ ಅದೇ ಪಲ್ಟಿ ಅಭ್ಯಾಸ ಮಾಡ್ತಾ ಗಲ್ಲ ನೆಲಕ್ಕೆ ಬಡಿದು ಕತ್ತು ಮುರಿಯಿತು. ಆಗ ವಯಸ್ಸು ಇಪ್ಪತ್ತು. 2006ರಲ್ಲಿ ತೀರಿಕೊಳ್ಳುವವರೆಗೂ ಕೈಕಾಲು ಸ್ವಾಧೀನ ಇರಲಿಲ್ಲ.

ಇಬ್ಬರೂ ನೋವು ನುಂಗಿದವರೇ. ವ್ಯತ್ಯಾಸ ಧೈರ್ಯದಲ್ಲಿ ಇಲ್ಲ. ಕುಂಬ್ಳೆ ಪೆವಿಲಿಯನ್ನಿನಲ್ಲಿ ಕೂತಿದ್ದರೆ ಯಾರೂ ಒಂದು ಮಾತು ಆಡ್ತಿರಲಿಲ್ಲ. ಎದ್ದು ಬಂದದ್ದು ಅವರ ನಿರ್ಧಾರ. ಮುಖಿನಾಗೆ 'ಆಗಲ್ಲ' ಅನ್ನೋ ಮಾತೇ ಇರಲಿಲ್ಲ. 2021ರಲ್ಲಿ ಟೋಕಿಯೋದಲ್ಲಿ ಸಿಮೋನ್ ಬೈಲ್ಸ್, ಗಾಳಿಯಲ್ಲಿ ತನ್ನ ಮೈ ಎಲ್ಲಿದೆ ಅನ್ನೋ ಅಂದಾಜೇ ಸಿಗ್ತಿಲ್ಲ ಅಂತ ತಂಡದ ಫೈನಲ್‌ನಿಂದ ಹಿಂದೆ ಸರಿದಾಗ ಎಷ್ಟೋ ಜನ ಹೇಡಿ ಅಂದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಆಕೆ ಮೂರು ಚಿನ್ನ ಗೆದ್ದರು. ಗೆಲ್ಲದೇ ಇದ್ದಿದ್ದರೂ ಟೋಕಿಯೋದ ನಿರ್ಧಾರ ಸರಿಯೇ ಇತ್ತು ಅಂತ ನನಗನ್ನಿಸುತ್ತೆ. 'ಇಲ್ಲ' ಅನ್ನೋ ದಾರಿ ತೆರೆದಿದ್ದಾಗ ಮಾತ್ರ 'ಹೂಂ' ಅನ್ನೋದನ್ನ ಧೈರ್ಯ ಅನ್ನಬಹುದು.

ಇನ್ನು ನನ್ನ ವಿಷಯ. ನನ್ನನ್ನ ತಡೆಯುವವರೂ ಇರಲಿಲ್ಲ, ತಳ್ಳುವವರೂ ಇರಲಿಲ್ಲ. ದೇಶ ಕಾಯ್ತಾ ಇರಲಿಲ್ಲ, ಮುನ್ನೂರು ರೂಪಾಯಿಯ ಒಂದು ಕಪ್ ಕಾಯ್ತಿತ್ತು. ಕುಂಬ್ಳೆ ಫೋಟೋ ಅಂಟಿಸಿಕೊಂಡಿದ್ದ ಹುಡುಗ ನನ್ನೊಳಗೆ ಕೂತು, ನೋವಿದ್ದರೂ ಆಡಿದರೆ ದೊಡ್ಡವನಾಗ್ತೀಯ ಅಂತಿದ್ದ. "ನನ್ನ ಮೈ, ನನ್ನ ಇಷ್ಟ" ಅಂತ ಹೆಂಡತಿಗೂ ಹೇಳಿದ್ದೆ. ಗೆದ್ದಿದ್ದರೆ ಕಪ್ ನನಗೊಬ್ಬನಿಗೇ ಸೇರ್ತಿತ್ತು. ಬಿದ್ದಾಗ ಬಿಲ್ ಮಾತ್ರ ಅವ್ವನ ರಾಗಿಯವರೆಗೂ ಹೋಯಿತು. ಆ ಬಿಲ್ಲಿನಲ್ಲಿ ಪಾಲು ಕೊಡೋರನ್ನ ಒಂದು ಮಾತೂ ಕೇಳದೇ ಆಡಿದ್ದು ನನ್ನ ತಪ್ಪು. ಅದು ಬರೀ ಅಜಾಗರೂಕತೆ ಅಂತ ನನಗೀಗ ಅನ್ನಿಸಲ್ಲ, ಅದರಲ್ಲಿ ಸ್ವಾರ್ಥ ಇತ್ತು.

ಹಾಗಂತ ಆಟ ಬಿಡಿ ಅಂತಲ್ಲ. ಕುರ್ಚಿ ಮೇಲೆ ಕೂತೇ ಮೈ ಕೆಡಿಸಿಕೊಂಡರೂ ಬಿಲ್ ಹೋಗೋದು ಅದೇ ವಿಳಾಸಕ್ಕೆ. ಮಾಡಬೇಕಾದ್ದು ಬಹಳ ಸಪ್ಪೆ ಕೆಲಸ. ಫುಟ್‌ಬಾಲ್ ಆಟಗಾರರಿಗೆ ಫಿಫಾ '11+' ಅನ್ನೋ ವಾರ್ಮ್ ಅಪ್ ಕ್ರಮ ಮಾಡಿದೆ. ನಿಧಾನದ ಓಟ, ಒಂಟಿ ಕಾಲಲ್ಲಿ ನಿಲ್ಲೋದು, ನೆಗೆದು ಮಂಡಿ ಒಳಕ್ಕೆ ವಾಲದ ಹಾಗೆ ಇಳಿಯೋದು, ಎಲ್ಲ ಸೇರಿ ಇಪ್ಪತ್ತು ನಿಮಿಷ. ನಾರ್ವೆಯಲ್ಲಿ ಹದಿಹರೆಯದ ಹುಡುಗಿಯರ ತಂಡಗಳ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಾರೆ ಗಾಯದ ಅಪಾಯ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಹೊಸ ಮಷೀನಿಲ್ಲ, ಔಷಧಿ ಇಲ್ಲ. ಆದರೂ ನಾವು ಮಾಡಲ್ಲ. ಯಾಕೆ ಅಂದರೆ ಆಗದೇ ಹೋದ ಗಾಯಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ. ಆಫೀಸಿನಲ್ಲೂ ರಾತ್ರಿ ಎರಡಕ್ಕೆ ಪ್ರೊಡಕ್ಷನ್ ಸರಿ ಮಾಡಿದವನಿಗೆ ಎಲ್ಲರಿಂದ ಅಭಿನಂದನೆಯ ಮೇಲ್ ಬರುತ್ತೆ, ಕೆಡದ ಹಾಗೆ ಟೆಸ್ಟ್ ಬರೆದಿಟ್ಟವನ ಹೆಸರು ಯಾರಿಗೂ ನೆನಪಿರಲ್ಲ. ಅಪ್ಪ ಎತ್ತಿನ ಸುತ್ತ ಬರ್ತಿದ್ದ ಆ ಸುತ್ತನ್ನೂ ಊರಲ್ಲಿ ಯಾರೂ ಹೊಗಳಿದ್ದು ನಾನು ಕೇಳಿಲ್ಲ.

ಒಂಬತ್ತು ತಿಂಗಳ ಮೇಲೆ ಈಗ ಮತ್ತೆ ಕೋರ್ಟಿಗೆ ಹೋಗ್ತಿದ್ದೀನಿ. ಕೋರ್ಟಿಗೇ ಅಂತ ಬೇರೆ ಶೂ ತಗೊಂಡಿದ್ದೀನಿ. ದಿನಾ ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋ ವ್ಯಾಯಾಮ, ಮಗಳು ಎಣಿಸ್ತಾಳೆ. ವಾರದಿಂದ ವಾರಕ್ಕೆ ಆಟದ ಹೊತ್ತು ಸ್ವಲ್ಪ ಸ್ವಲ್ಪವೇ ಜಾಸ್ತಿ. ಬೆಳಿಗ್ಗೆ ಮೊದಲ ಹತ್ತು ಹೆಜ್ಜೆ ಹಿಡಿದುಕೊಂಡರೆ ಅವತ್ತು ಆಟ ಇಲ್ಲ.

ಮೊನ್ನೆ ಶನಿವಾರ ನಮ್ಮ ಗುಂಪಿಗೆ ಹೊಸದಾಗಿ ಬಂದ ಹುಡುಗ ಭುಜ ಉಜ್ಜಿಕೊಳ್ತಾ ನಿಂತಿದ್ದ. ಎಷ್ಟು ದಿನದಿಂದ ಅಂತ ಕೇಳಿದೆ. "ಎರಡು ವಾರ ಸರ್. ಆಡ್ತಾ ಆಡ್ತಾ ಹೋಗಿಬಿಡುತ್ತೆ. ನಾನು ಕೂತರೆ ಡಬಲ್ಸ್‌ಗೆ ಜನ ಸಾಲಲ್ವಲ್ಲ" ಅಂದ. ಅವನಿಗೆ 'ಆಗಲ್ಲ' ಅನ್ನೋಕೆ ಅಡ್ಡಿಯಾಗಿದ್ದು ನಾವೇ, ಉಳಿದ ಮೂವರು. ಸ್ಕೋರ್ ನೀನು ಹೇಳು, ಕೂತ್ಕೋ ಅಂದೆ. ಅವತ್ತು ಒಂದು ಕಡೆ ಇಬ್ಬರು, ಇನ್ನೊಂದು ಕಡೆ ಒಬ್ಬ, ಹಾಗೇ ಆಡಿದೆವು.